ಮೂರು ಕಣ್ಣಿನ ಕಾಯಿ, ಕಲ್ಲಮ್ಮನ ಕನ್ನಡಕ

ತಿಪಟೂರಿನ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಬೀದಿದೀಪ ಇನ್ನೂ ಆರಿಲ್ಲ. ತೋಟಗಳ ಕಡೆಯಿಂದ ಬಂದ ಮಂಜು ಮಂಡಿಯ ಬಾಗಿಲ ಮುಂದೆ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವಂತಿದೆ. ಆ ಮಂಜಿನಲ್ಲಿ ಒಂದು ಗೋಣಿತಾಟು, ಅದರ ಮೇಲೊಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮುಚ್ಚಳದ ಮೇಲೆ ಸಾಲಾಗಿ ಕೂತ ಹನ್ನೊಂದು ಕನ್ನಡಕ. ಕಲ್ಲಮ್ಮ ಒಂದೊಂದನ್ನೇ ಎತ್ತಿ, ಬಾಯಿಂದ ಉಸಿರು ಬಿಟ್ಟು, ಹಳೇ ಪಂಚೆಯ ತುಂಡಿನಿಂದ ಒರೆಸಿ, ಬೆಳಕಿಗೆ ಹಿಡಿಯುತ್ತಾರೆ. ಒರೆಸಿದ ಗಾಜಿನಲ್ಲೆಲ್ಲ ಒಂದೊಂದು ಪುಟ್ಟ ದೀಪ ಹತ್ತಿಕೊಳ್ಳುತ್ತದೆ.

"ಮಂಜು ಗಾಜಿನ ಮ್ಯಾಲೈತೋ ಕಣ್ಣೊಳಗೈತೋ ಅಂತ ಮೊದ್ಲು ತಿಳ್ಕಬೇಕು ಕಣಕ್ಕ," ಎನ್ನುತ್ತಾರೆ, ಪಕ್ಕದಲ್ಲಿ ಕೂತ ನನ್ನ ಕಡೆ ತಿರುಗಿ. "ಗಾಜಿನ ಮ್ಯಾಲಿದ್ರೆ ನಾನು ಒರಸ್ತೀನಿ. ಕಣ್ಣೊಳಗಿದ್ರೆ ಡಾಕ್ಟ್ರು."

ಕಲ್ಲಮ್ಮನಿಗೆ ಅರವತ್ತೊಂದು ವರ್ಷ. ಹುಟ್ಟಿದ್ದು ಕಂದಿಕೆರೆ, ಸೇರಿದ್ದು ದಂಡಿನಶಿವರ. ಮೊದಲ ಬಸ್ಸಿಗೆ ಬಂದು ಇಲ್ಲಿ ಕೂತರೆ ಏಳುವುದು ಬಿಸಿಲು ಇಳಿದ ಮೇಲೆ. ದಿನಕ್ಕೆ ಇಪ್ಪತ್ತು, ಸಂತೆಯ ದಿನ ನಲವತ್ತು ಕನ್ನಡಕ ಈ ಕೈಯಲ್ಲಿ ಹಾದುಹೋಗುತ್ತವೆ. ಮಂಡಿಯ ಹೆಂಗಸರು ಇಡೀ ದಿನ ತಲೆ ಬಗ್ಗಿಸಿ ಕೊಬ್ಬರಿ ಆರಿಸುವವರು. ಅವರ ಕನ್ನಡಕ ಮೂಗಿನಿಂದ ಜಾರುತ್ತಲೇ ಇರುತ್ತದೆ. ಕಡ್ಡಿ ಬಿಗಿ ಮಾಡುವುದು, ಬಿದ್ದುಹೋದ ತಿರುಪು ಹಾಕುವುದು, ಕಿವಿಯ ಹಿಂದೆ ದಾರ ಕಟ್ಟಿಕೊಡುವುದು, ಇವೇ ಬೆಳಗಿನ ಮೊದಲ ಕೆಲಸಗಳು.

ಅಕ್ಷರದ ಬೋರ್ಡು ಇವರ ಬಳಿ ಇಲ್ಲ. ಪಕ್ಕದಲ್ಲಿ ಒಂದು ಸುಲಿದ ತೆಂಗಿನಕಾಯಿ ಇದೆ. ಕಣ್ಣು ಮಂಜು ಎಂದು ಬಂದವರ ಎದುರು ಅದನ್ನು ಒಂದು ಮೊಳ ದೂರದಲ್ಲಿ ಹಿಡಿದು, ಕೈಗೊಂದು ಕಡ್ಡಿ ಕೊಡುತ್ತಾರೆ. ಕಾಯಿಗೆ ಮೂರು ಕಣ್ಣು, ಅದರಲ್ಲಿ ಮೆದುವಾದದ್ದು ಒಂದೇ. ಬೆರಳಿಂದ ಮುಟ್ಟದೆ, ನೋಡಿಯೇ ಆ ಮೆದುಗಣ್ಣು ತೋರಿಸಬೇಕು. ಹುಟ್ಟಿದಂದಿನಿಂದ ಕಾಯಿ ಒಡೆದ ಊರಿನಲ್ಲಿ ಈ ಪರೀಕ್ಷೆಗೆ ಬೇರೆ ಪಾಠ ಬೇಕಿಲ್ಲ. ತಪ್ಪು ತೋರಿಸಿದವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತಾರೆ. ನಂಬರು ಬರೆಸಿ ತಂದ ಮೇಲೆಯೇ ಕನ್ನಡಕ.

ಇವರೂ ಒಂದು ಕಾಲಕ್ಕೆ ಇದೇ ಮಂಡಿಗಳಲ್ಲಿ ಕೊಬ್ಬರಿ ಆರಿಸಿದವರು. ಒಂದು ದಿನ ಕನ್ನಡಕದ ತಿರುಪು ಬಿದ್ದು ಕಡ್ಡಿ ಕಳಚಿತು. ಅಂಗಡಿಯವರು ಹೊಸದು ತಗೊಳ್ಳಿ ಎಂದರು. ಕಲ್ಲಮ್ಮ ತೆಂಗಿನ ನಾರಿನ ಒಂದು ಎಳೆ ಹೊಸೆದು ಆ ತೂತಿನಲ್ಲಿ ಪೋಣಿಸಿ ಗಂಟು ಹಾಕಿದರು. ಅದು ಎರಡು ತಿಂಗಳು ನಿಂತಿತು. ನೋಡಿದವರು ತಮ್ಮದನ್ನೂ ತಂದರು. ಆಮೇಲೆ ಚಿಕ್ಕನಾಯಕನಹಳ್ಳಿಯ ಗಡಿಯಾರ ರಿಪೇರಿಯ ದುರ್ಗಯ್ಯನವರು ತಿರುಪು ತಿರುಗಿಸುವುದನ್ನು ಕಲಿಸಿದರು. ಕೈ ನಡುಗತೊಡಗಿದ ವರ್ಷ ತಮ್ಮ ಸಣ್ಣ ಸ್ಕ್ರೂಡ್ರೈವರನ್ನೂ, ತಾವು ಹಾಕುತ್ತಿದ್ದ ದಪ್ಪ ಕಪ್ಪು ಕಟ್ಟಿನ ಕನ್ನಡಕವನ್ನೂ ಕೊಟ್ಟು ಹೋದರು.

"ಮೊದ್ಮೊದ್ಲು ಯಾರೂ ಕೊಡ್ತಿರ್ಲಿಲ್ಲ. ಹೆಂಗಸ್ರ ಕೈಲಿ ಗಾಜು ಉಳೀತದಾ ಅನ್ನೋರು. ಎರಡು ಅಂಗಡಿ ಮುಂದ್ಲಿಂದ ಎಬ್ಬಿಸಿದ್ರು. ಮೂರನೇ ಕಡೆ ಕೂತೆ, ಇವತ್ತೂ ಕೂತಿದೀನಿ."

ಆ ತಗಡಿನ ಪೆಟ್ಟಿಗೆಯೊಳಗೆ ಕೈ ಹಾಕಿದರೆ ಕಾಲವೇ ಪದರ ಪದರವಾಗಿ ಸಿಗುತ್ತದೆ. ತಳದಲ್ಲಿ ತಾತಂದಿರ ತಂತಿಯ ದುಂಡು ಕನ್ನಡಕ. ಅದರ ಮೇಲೆ ಮೇಷ್ಟರುಗಳ ದಪ್ಪ ಕಟ್ಟು, ಸೋಡಾಬುಡ್ಡಿ ಗಾಜು. ನಡುವೆ ಕಣ್ಣಿನ ಪೊರೆ ಆಪರೇಷನ್ ಆದವರಿಗೆ ಕೊಡುತ್ತಿದ್ದ ಕಪ್ಪು ಕನ್ನಡಕ. ಆಗೆಲ್ಲ ಕಪ್ಪು ಕನ್ನಡಕ ಹಾಕಿ ಬೀದಿಗೆ ಬಂದರೆ ಎದುರಾದವರು ಕೇಳುತ್ತಿದ್ದುದು ಒಂದೇ ಮಾತು, "ಯಾವ ಕಣ್ಣು ಆಪರೇಸನ್ನು?" ಹುಳಿಯಾರಿನ ಕಡೆಯ ಕುರಿಗಾಹಿ ಜುಂಜಯ್ಯ ಆಪರೇಷನ್ನಾಗಿ ಹಟ್ಟಿಗೆ ಮರಳಿದಾಗ ಅವರ ನಾಯಿಯೇ ಗುರುತು ಸಿಗದೆ ಬೊಗಳಿತಂತೆ. ಪೆಟ್ಟಿಗೆಯ ಮೇಲಿನ ಪದರವೋ ಮದುವೆ ಮನೆಯಂತಿದೆ. ನವಿಲು ಬಣ್ಣದ ಗಾಜು, ಚಿನ್ನದ ಬಣ್ಣದ ಕಡ್ಡಿ, ಫೋಟೋಕ್ಕೆಂದೇ ಹಾಕುವ ನಂಬರಿಲ್ಲದ ಕನ್ನಡಕ. ಕಾಣಲೆಂದು ಹಾಕುತ್ತಿದ್ದುದನ್ನು ಈಗ ಕಾಣಿಸಿಕೊಳ್ಳಲು ಹಾಕುತ್ತಾರೆ.

ಈ ಬೆಳಗಿನ ಮಂಜಿನೊಳಗಿಂದ ಅಂಥದೇ ಒಂದು ಕನ್ನಡಕ ನಡೆದುಬರುತ್ತದೆ. ಕೆಂಪು ಕಟ್ಟು, ಕಾಡಿಗೆ ಕಪ್ಪಿನ ಗಾಜು. ಅದರ ಹಿಂದೆ ಇರುವವರು ಭೂತಮ್ಮ, ಎದುರಿನ ರೇಣುಕಪ್ರಸಾದರ ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೊಬ್ಬರಿ ಆರಿಸುವವರು.

"ಏನೇ ಭೂತಮ್ಮ, ಸಿನಿಮಾಕ್ಕೆ ಹೊಂಟಂಗಿದೀಯ?"

"ನಗಬ್ಯಾಡ ಬುಡಕ್ಕ. ನನ್ ಜಾಗ ಹೋಗಂಗೈತೆ." ಭೂತಮ್ಮ ಗೋಣಿತಾಟಿನ ಅಂಚಿಗೆ ಕುಸಿಯುತ್ತಾರೆ. ಹದಿನೈದು ದಿನದಿಂದ ಅವರು ಆರಿಸಿದ ರಾಶಿಯಲ್ಲಿ ಕೌಟು ಕೊಬ್ಬರಿ, ಅಂದರೆ ಒಳಗೇ ಕೆಟ್ಟದ್ದು, ಸಿಗುತ್ತಿದೆ. ಇವತ್ತು ಮಧ್ಯಾಹ್ನದ ರಾಶಿಯಲ್ಲಿ ಇನ್ನೊಂದು ಸಿಕ್ಕರೆ ನಾಳೆಯಿಂದ ಚಿಪ್ಪಿನ ಮೂಟೆ ಹೊರಲು ಹೋಗಬೇಕು ಎಂದು ಸಾಹುಕಾರರು ಹೇಳಿಬಿಟ್ಟಿದ್ದಾರೆ. ಸೊಂಟ ನೋವಿನ ಭೂತಮ್ಮನಿಗೆ ಮೂಟೆ ಹೊರುವುದೆಂದರೆ ಕೆಲಸ ಬಿಟ್ಟಂತೆಯೇ.

"ಕಣ್ಣು ಉಷ್ಣ ಆಗಿ ಮಸುಕಾಗೈತಕ್ಕ. ಅದ್ಕೇ ತಂಪಾಗ್ಲಿ ಅಂತ ಕೂಲಿಂಗ್ ಗ್ಲಾಸು ಹಾಕ್ಕಂಡಿದೀನಿ. ನಮ್ಮಣ್ಣನ ಮಗ ಉಜ್ವಲ್ ಮದ್ವೇಲಿ ಎಲ್ರಿಗೂ ಕೊಡ್ಸಿದ್ದ."

"ಮಂಡಿಯೊಳಗೂ ಹಾಕ್ಕಂತೀಯ? ಆ ಕತ್ಲಾಗೆ?"

"ತೆಗೆದ್ರೆ ತಂಪು ನಿಲ್ತದೇನಕ್ಕ? ಮಲಗಾಗ ಮಾತ್ರ ತೆಗೀತೀನಿ."

ಕಲ್ಲಮ್ಮನಿಗೆ ನಗು ಬರುವುದಿಲ್ಲ. "ಅದು ಬಿಸಿಲಿಗೆ ಕಣೇ. ಕಣ್ಣು ತಂಪು ಮಾಡಾಕೆ ಅದೇನು ಹರಳೆಣ್ಣೆಯಾ?" ಎನ್ನುತ್ತಲೇ ಕಾಯಿ ಎತ್ತಿ ಹಿಡಿಯುತ್ತಾರೆ. ಭೂತಮ್ಮನ ಕಡ್ಡಿ ತಪ್ಪು ಕಣ್ಣಿಗೆ ಹೋಗುತ್ತದೆ. ಕಪ್ಪು ಕನ್ನಡಕ ತೆಗೆಸಿ ಕಾಯಿ ತಿರುಗಿಸಿ ಹಿಡಿದರೆ, ಮತ್ತೆ ತಪ್ಪು.

"ಕಣ್ಣಿನ ಶಿಬಿರದಾಗೆ ಬರ್ಕೊಟ್ಟ ಚೀಟಿ ಎಲ್ಲೈತೆ?"

ಎಲೆಅಡಿಕೆ ಚೀಲದಿಂದ ಸುಣ್ಣದ ಕಲೆಯಾದ ಚೀಟಿ ಹೊರಬರುತ್ತದೆ. ಹೋದ ತಿಂಗಳು ಡಾಕ್ಟರು ನಂಬರು ಬರೆದದ್ದು. "ಓದೋ ಕನ್ನಡಕ ಅಂದ್ರು. ನಾನೇನ್ ಓದ್ತೀನಾ? ಅದ್ಕೇ ಸುಮ್ಕಾದೆ."

"ಕೊಬ್ಬರಿ ಓದಲ್ವೇನೇ ನೀನು?" ಕಲ್ಲಮ್ಮನ ದನಿ ಮೆತ್ತಗಾಗುತ್ತದೆ. "ಇಪ್ಪತ್ತೆರಡು ವರ್ಸದಿಂದ ಅದನ್ನೇ ತಾನೇ ಓದ್ತಿರೋದು."

ಆ ನಂಬರಿನ ದೊಡ್ಡ ಗಾಜಿನ ಕನ್ನಡಕವೊಂದನ್ನು ಪೆಟ್ಟಿಗೆಯಿಂದ ತೆಗೆದು ಹಾಕುತ್ತಾರೆ. ಕಡ್ಡಿ ನೇರವಾಗಿ ಮೆದುಗಣ್ಣಿಗೆ ಹೋಗಿ ನಿಲ್ಲುತ್ತದೆ. ಭೂತಮ್ಮ ಕಾಯಿಯನ್ನೇ ನೋಡುತ್ತಾ ಕೂರುತ್ತಾರೆ, ಯಾವುದೋ ಕಾಲದಲ್ಲಿ ಕಳೆದುಹೋದ ಗೆಳತಿ ಎದುರಾದಂತೆ. ಆದರೆ ಪುಟ್ಟ ಕನ್ನಡಿಯಲ್ಲಿ ಮುಖ ನೋಡಿಕೊಂಡವರೇ ಅದನ್ನು ಕಳಚಿ ಕೊಡುತ್ತಾರೆ.

"ಥೇಟ್ ನಮ್ಮತ್ತೆ ಕಂಡಂಗ್ ಕಾಣ್ತೀನಿ. ಬ್ಯಾಡಕ್ಕ. ನನ್ ಕೆಂಪುದೇ ಇರ್ಲಿ."

ಕಲ್ಲಮ್ಮ ಕೆಂಪು ಕನ್ನಡಕವನ್ನೇ ಭೂತಮ್ಮನಿಗೆ ಮತ್ತೆ ಹಾಕಿಸುತ್ತಾರೆ. ಅವರ ಕಣ್ಣಿನ ನೇರಕ್ಕೆ ಕಟ್ಟಿನ ಮೇಲೆ ಶಾಯಿಯಿಂದ ಒಂದೊಂದು ಚುಕ್ಕೆ ಇಟ್ಟುಕೊಳ್ಳುತ್ತಾರೆ. ನಂಬರಿನ ಗಾಜಿನ ನಡು ಅಲ್ಲಿಗೇ ಬರಬೇಕು. ಟೀ ಅಂಗಡಿಯಿಂದ ಬಿಸಿನೀರು ತಂದು ಕೆಂಪು ಕಟ್ಟನ್ನು ಅದ್ದುತ್ತಾರೆ. ಮೆತ್ತಗಾದ ಕಟ್ಟಿನಿಂದ ಕಪ್ಪು ಗಾಜುಗಳು ಈಚೆ ಬರುತ್ತವೆ. ಆಮೇಲೆ ದೊಡ್ಡ ಕನ್ನಡಕದಿಂದ ಬಿಚ್ಚಿದ ನಂಬರಿನ ಗಾಜಿನ ಅಂಚನ್ನು ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸುತ್ತಾ ತೇಯುವುದು, ಅಳತೆ ನೋಡುವುದು, ಮತ್ತೆ ತೇಯುವುದು. ಸಾಣೆಕಲ್ಲಿನ ಸದ್ದು ಜೋಗುಳದಂತೆ ಸಾಗುವಷ್ಟರಲ್ಲಿ ಮಂಜು ಕರಗಿ, ತೆಂಗಿನ ಗರಿಗಳ ನಡುವಿಂದ ಬಿಸಿಲು ಗೋಣಿತಾಟಿಗೆ ಇಳಿಯುತ್ತದೆ. ಮಂಡಿಯ ಬಾಗಿಲು ತೆರೆಯುವ ಹೊತ್ತಿಗೆ ಕೆಂಪು ಕಟ್ಟಿನಲ್ಲಿ ತಿಳಿಯಾದ ಗಾಜು ಕೂತಿದೆ.

ಮಧ್ಯಾಹ್ನ ರೇಣುಕಪ್ರಸಾದರು ಭೂತಮ್ಮನ ರಾಶಿಗೆ ಕೈ ಹಾಕಿ ಕೆದಕುತ್ತಾರೆ, ಮತ್ತೆ ಕೆದಕುತ್ತಾರೆ. ಕೌಟು ಒಂದೂ ಸಿಗುವುದಿಲ್ಲ. ಭೂತಮ್ಮ ಕೆಟ್ಟದ್ದೆಂದು ಪಕ್ಕಕ್ಕಿಟ್ಟ ಒಂಬತ್ತು ಕೊಬ್ಬರಿಯಲ್ಲಿ ಒಂದನ್ನೆತ್ತಿ, "ಇದ್ಯಾಕೆ ತೆಗೆದಿಟ್ಟೆ? ಚೆನ್ನಾಗೇ ಐತಲ್ಲ," ಎನ್ನುತ್ತಾರೆ.

"ಬಿರುಕೈತೆ ಸಾವ್ಕಾರ್ರೆ. ಕೂದ್ಲೆಳೆಯಂಗೆ."

ಸಾಹುಕಾರರು ಕೊಬ್ಬರಿಯನ್ನು ಕಣ್ಣಿನ ಹತ್ತಿರ ಹಿಡಿಯುತ್ತಾರೆ, ದೂರ ಹಿಡಿಯುತ್ತಾರೆ, ತೋಳು ಪೂರ್ತಿ ಚಾಚುತ್ತಾರೆ. "ಎಲ್ಲೈತಮ್ಮಾ?" ಕೊನೆಗೆ ಒಡೆದು ನೋಡಿದರೆ ಒಳಗೆಲ್ಲ ಕಪ್ಪು.

"ಕಲ್ಲಕ್ಕನ ತಾವ ಒಂದು ಕಾಯಿ ಐತೆ ಸಾವ್ಕಾರ್ರೆ," ಎನ್ನುತ್ತಾರೆ ಭೂತಮ್ಮ, ತಲೆ ಎತ್ತದೆ. "ಒಂದ್ಸಲ ಹೋಗ್ ಬನ್ನಿ."

ಸುತ್ತಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಸಾಹುಕಾರರು ಗಂಟಲು ಸರಿಮಾಡಿಕೊಂಡು, "ಸರಿ ಸರಿ, ನಿನ್ ಜಾಗದಾಗೆ ನೀನು ಕೂತ್ಕ," ಎಂದು ಒಳಗೆ ಹೋಗುತ್ತಾರೆ.

ಸುದ್ದಿ ಹೇಳಲು ಭೂತಮ್ಮ ಬೀದಿ ದಾಟಿ ಬಂದಾಗ ಕಲ್ಲಮ್ಮ ದುರ್ಗಯ್ಯನವರ ದಪ್ಪ ಕಟ್ಟನ್ನು ಕೈಯಲ್ಲಿ ಹಿಡಿದಿದ್ದಾರೆ. ಬೆಳಿಗ್ಗೆ ಬಿಚ್ಚಿದ ಕಪ್ಪು ಗಾಜುಗಳನ್ನು ತೇದು ಅದರೊಳಗೆ ಕೂರಿಸಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಬೆಳಿಗ್ಗೆ ನಾನು ಕೇಳಿದ್ದಕ್ಕೆ ಉತ್ತರ ಈಗ ಬರುತ್ತದೆ.

"ಬೋರನಕಣಿವೆ ಡ್ಯಾಮಿನ ನೀರು ನೋಡ್ಬೇಕು ಕಣಕ್ಕ. ನಡುಮಧ್ಯಾಹ್ನ ಅದ್ರ ಮ್ಯಾಲೆ ಬಿಸಿಲು ಬಿದ್ರೆ ಕಣ್ಣು ಬಿಡಾಕಾಗಲ್ವಂತೆ. ಊರಿಗೆಲ್ಲ ಕಾಣೋ ಹಂಗ್ ಮಾಡಿದ್ದಾಯ್ತು. ಅದನ್ನೊಂದು ನಾನೂ ಕಣ್ ತುಂಬಾ ನೋಡ್ಬೇಕು."

ಹಾಗೆಂದು ಕಪ್ಪು ಕನ್ನಡಕವನ್ನು ಏರಿಸಿಕೊಂಡು, ತೆಂಗಿನ ಸುಳಿಗಳ ಮೇಲಿನ ಉರಿಬಿಸಿಲಿನತ್ತ ಮುಖ ಎತ್ತುತ್ತಾರೆ. ಭೂತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, ಕೆಂಪು ಕಟ್ಟಿನೊಳಗಿಂದ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ.

"ಯಾವ ಕಣ್ಣು ಆಪರೇಸನ್ನು ಕಲ್ಲಕ್ಕ?"

ಕಲ್ಲಮ್ಮ ಮುಖ ಇಳಿಸುವುದಿಲ್ಲ.

"ಆಪರೇಸನ್ ಅಲ್ಲ ಕಣೇ. ಸ್ಟೈಲು."