ತಂಗಿಯ ಹರಕೆಗೆ ನನ್ನ ಕಾಲು

ನನ್ನ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತಂಗಿ ಮೂಗು ಮುರಿದಳು. "ಇದೇನಣ್ಣ, ಎಳೆ ಮಗೀನ ಕಾಲಿದ್ದಂಗದೆ. ಇದ್ನ ಇಟ್ಕೊಂಡು ಬೆಟ್ಟಕ್ಕೋಗ್ತೀಯಾ?"

ಪಾಂಡವಪುರದ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕುರ್ಚಿ ಸವೆಸಿದವನ ಕಾಲು ಇನ್ನು ಹೇಗಿರುತ್ತದೆ. ಶ್ರೀರಂಗಪಟ್ಟಣದ ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ನಡೆಯುವುದೇ ನನಗೊಂದು ಯಾತ್ರೆ. ಅಂಥವನು ಕಾರ್ತಿಕ ಸೋಮವಾರಕ್ಕೆ ತಲುಪುವಂತೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹೊರಡುವವನಿದ್ದೆ. ಬನ್ನೂರು, ಕೊಳ್ಳೇಗಾಲ, ಹನೂರು ಹಾದು ಆರು ದಿನದ ದಾರಿ. ಹರಕೆ ನನ್ನದಲ್ಲ, ತಂಗಿಯದು.

ಅವಳನ್ನು ಕೊಟ್ಟಿದ್ದು ಕಿಕ್ಕೇರಿ ಕಡೆಗೆ. ಮೈಸೂರಿನ ಆಸ್ಪತ್ರೆ ಹತ್ತಿರವಾಗಲಿ ಎಂದು ಬೇಸಿಗೆಯಲ್ಲೇ ನಮ್ಮ ಮನೆಗೆ ಕರೆತಂದಿದ್ದೆ. ದಸರಾ ಮುಗಿದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಇನ್ನು ಔಷಧಿ ನೋವಿಗೆ ಮಾತ್ರ, ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಎಷ್ಟು ದಿನ ಅಂದೆ. ಅವರು ಕಂಪ್ಯೂಟರಿನ ಕಡೆ ನೋಡಿದರು. ಹೊರಗೆ ಬಂದು ತಂಗಿಗೆ, "ರಕ್ತ ಕಮ್ಮಿ ಅದಂತೆ, ಚೆನ್ನಾಗಿ ಉಣ್ಬೇಕಂತೆ" ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಚಿಕ್ಕಂದಿನಿಂದಲೂ ದಡ್ಡ. ಬಸ್ಸಿಗೆ ಕಾಯುವಾಗ, "ಅಣ್ಣ, ಮಾದಪ್ಪಂಗೆ ನಂದೊಂದು ಹರಕೆ ಅದೆ. ನಡ್ಕೊಂಡು ಬತ್ತೀನಿ ಅಂದಿದ್ದೆ" ಅಂದಳು.

ಬದುಕುವ ಆಸೆಯಿಂದ ಹೊತ್ತ ಹರಕೆ ಎಂದುಕೊಂಡೆ. ನಾನೇ ನಡೀತೀನಿ ಬಿಡು ಅಂದುಬಿಟ್ಟೆ.

ನಮ್ಮ ಬೀದಿಯಿಂದ ಪ್ರತಿವರ್ಷ ಹೊರಡುವ ತಂಡಕ್ಕೆ ಒಬ್ಬ ನಿವೃತ್ತ ಮೇಷ್ಟ್ರು ಮುಂದಾಳು. ಅವರ ಜಗಲಿಯ ಮೇಲೆ ಕೂತು ಕಟ್ಟುಪಾಡು ಕೇಳಿಕೊಂಡೆ. ಹರಕೆ ಹೊತ್ತವರೇ ನಡೆಯಬೇಕು, ಅವರ ಕೈಲಾಗದಿದ್ದರೆ ಒಡಹುಟ್ಟಿದವರು. ದೇವರ ಹೆಸರಿನಲ್ಲಿ ಅರಿಶಿನದ ಬಟ್ಟೆಯೊಳಗೆ ಕಟ್ಟಿಟ್ಟ ಮುಡಿಪನ್ನು ಮಾತ್ರ ಹರಕೆ ಹೊತ್ತವರೇ ನಡೆಯುವವರಿಗೆ ಕೈಯಾರೆ ಕೊಡಬೇಕು.

"ಇನ್ನೊಂದು ಮಾತು," ಅಂದರು ಮೇಷ್ಟ್ರು. "ದಾರೀಲಿ ಮನೆಯವ್ರ ಸಾವಿನ ಸುದ್ದಿ ಕಿವಿಗೆ ಬಿತ್ತು ಅನ್ನಿ, ಅಲ್ಲೇ ತಲೆ ಮೇಲೆ ನೀರುಯ್ಕೊಂಡು ವಾಪಸ್ಸು. ಸೂತಕ ಅನ್ನೋದು ಸುದ್ದಿ ಕೇಳ್ದಾಗ್ಲಿಂದ. ಕೇಳೋಗಂಟ ಏನೂ ಇಲ್ಲ."

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಒಪ್ಪಿಸಿದೆ. ಪಕ್ಕದಲ್ಲೇ ಕಣ್ಣು ಮುಚ್ಚಿ ಮಲಗಿದ್ದ ತಂಗಿಗೆ ನಿದ್ದೆ ಹತ್ತಿದೆ ಎಂದುಕೊಂಡಿದ್ದೆ.

ಮಾರನೆಯ ದಿನದಿಂದ ಶುರುವಾಯಿತು ಅವಳ ದರ್ಬಾರು. ಬೆಳಕು ಹರಿಯುವ ಮುಂಚೆ ಎಬ್ಬಿಸಿ, ಬರಿಗಾಲಲ್ಲಿ ಕರಿಘಟ್ಟದವರೆಗೆ ಅಟ್ಟುತ್ತಿದ್ದಳು. ಹೊಳೆಯ ಮೇಲೆ ಮಂಜು, ಕಾಲ ಕೆಳಗೆ ಜಲ್ಲಿ. ಡಾಂಬರು ಎಷ್ಟೋ ವಾಸಿ. ಜಲ್ಲಿಯ ಮೇಲೆ ನಾನು ಕೆಂಡ ತುಳಿದವನ ಹಾಗೆ ಕುಣಿಯುತ್ತಿದ್ದೆ. ಡೇರಿಗೆ ಹಾಲು ಒಯ್ಯುವವನೊಬ್ಬ ಸೈಕಲ್ಲು ನಿಲ್ಲಿಸಿ, "ಏನ್ಸಾರ್, ಚಪ್ಲಿ ಕಳ್ದೋಯ್ತಾ?" ಎಂದು ಕೇಳಿದ್ದ. ಕರಿಘಟ್ಟದ ಗುಡಿಯ ಮೆಟ್ಟಿಲ ಮೇಲೆ ಕೂತು ಮಾದಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಒಬ್ಬ ದೇವರ ಮೆಟ್ಟಿಲ ಮೇಲೆ ಕೂತು ಇನ್ನೊಬ್ಬ ದೇವರನ್ನು ಬೈದರೆ ಯಾರ ಲೆಕ್ಕಕ್ಕೆ ಹೋಗುತ್ತದೋ ಗೊತ್ತಿಲ್ಲ. ಯಾವುದರಿಂದಲೂ ಉಪಯೋಗವಿಲ್ಲ ಎಂಬುದಂತೂ ಗೊತ್ತಿತ್ತು. ಡಾಕ್ಟರು ಕಂಪ್ಯೂಟರಿನ ಕಡೆ ನೋಡಿದ್ದು ಕಣ್ಣ ಮುಂದೆಯೇ ಇತ್ತು.

ಮೊದಲ ವಾರ ಬೊಬ್ಬೆ ಎದ್ದವು. ಹರಳೆಣ್ಣೆ ಬಿಸಿ ಮಾಡಿಸಿ, ಗೋಡೆಗೆ ಒರಗಿ ಕೂತು ಅವಳೇ ಸವರುತ್ತಿದ್ದಳು. ಬೇಡ ಕಣವ್ವ ಎಂದರೆ ಕಾಲು ಬಿಡುತ್ತಿರಲಿಲ್ಲ. ಬೆರಳಲ್ಲಿ ಬಲವಿಲ್ಲದೆ ಎಣ್ಣೆ ಚಾಪೆಯ ಮೇಲೆಲ್ಲ ಚೆಲ್ಲುತ್ತಿತ್ತು. ಮೂರನೇ ವಾರಕ್ಕೆ ಅಂಗಾಲು ಗಟ್ಟಿಯಾಗಿ ಜಲ್ಲಿ ತಿಳಿಯದಾಯಿತು. ಅಷ್ಟರಲ್ಲಿ ಅವಳಿಗೆ ಎರಡು ಚಮಚ ಗಂಜಿಯೂ ಇಳಿಯುತ್ತಿರಲಿಲ್ಲ.

ಹೆಂಡತಿ ಹುರಿಹಿಟ್ಟು ಮಾಡಿ ಡಬ್ಬಿಗೆ ತುಂಬಿದಳು. ಒಂದು ದುಪ್ಪಟಿ, ಟಾರ್ಚು, ಎರಡು ಪಂಚೆ ಚೀಲ ಸೇರಿದವು. ಕಚೇರಿಯಲ್ಲಿ ರಜೆಯೂ ಸಿಕ್ಕಿತು. ಹೊರಡುವ ಹಿಂದಿನ ದಿನ ತಂಗಿಯ ಉಸಿರಾಟ ನೋಡಿ ನನ್ನ ಧೈರ್ಯ ಪೂರ್ತಿ ಕುಸಿಯಿತು. ಆರು ದಿನ ಇವಳನ್ನು ಬಿಟ್ಟು ಎಲ್ಲಿಗೆ ಹೋಗಲಿ. ಪಕ್ಕದಲ್ಲಿ ಕೂತು ಹೇಳಿಯೇಬಿಟ್ಟೆ: "ನಾನು ಓಗಕಿಲ್ಲ ಕಣವ್ವ. ನಿಂಗೆ ಗುಣ ಆಗ್ಲಿ, ಇಬ್ರೂ ಓಗಾನ."

"ರಕ್ತ ಕಮ್ಮಿ ಅಂದ್ಯಲ್ಲ, ಅವತ್ತೇ ನಂಗೆ ಗೊತ್ತಾಯ್ತು ಕಣಣ್ಣ. ಈ ಮುಡಿಪು ನನ್ನ ಜೀವಕ್ಕೆ ಕಟ್ಟಿದ್ದಲ್ಲ."

ತಲೆದಿಂಬಿನ ಕೆಳಗಿಂದ ಅದನ್ನು ತೆಗೆದು ನನ್ನ ಕೈಗಿಟ್ಟಳು. ಅರಿಶಿನ ಮಾಸಿ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಈಗ ಕಾಲೇಜು ಓದುವ ಅವಳ ಮಗಳಿಗೆ ಮೂರು ವರ್ಷವಿದ್ದಾಗ ಜ್ವರ ಬಂದು ಕೈಮೀರಿತ್ತು. ಆಗ ಕಟ್ಟಿದ್ದು. ಮಗು ಉಳಿಯಿತು. ನಾಟಿ, ಕಟಾವು, ಹಾಲು ಕರೆಯುವುದು ಎಂದು ತಾಯಿ ವರ್ಷ ವರ್ಷ ಮುಂದೂಡಿದಳು.

"ತೀರಿಸ್ದೆ ನಾನೋದ್ರೆ ಅವಳ ತಲೆ ಮ್ಯಾಲೆ ಬತ್ತದೆ," ಅಂದಳು. "ಫೋನು ಮನೇಲೇ ಬುಟ್ಟೋಗು. ಏನೇ ಆದ್ರೂ ನಿನ್ ಕಿವಿಗೆ ಬೀಳಂಗಿಲ್ಲ ಅಂತ ಅತ್ಗೆಗೂ ಏಳಿವ್ನಿ, ಮೇಷ್ಟ್ರನ್ನೂ ಕರ್ಸಿ ಏಳಿವ್ನಿ. ಮುಡಿಪು ಆಕು, ಸುಮ್ಕೆ ಬಾ. ಇನ್ನೇನೂ ಕೇಳ್ಬೇಡ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು. ಈ ಮನೆಯಲ್ಲಿ ಏನೂ ಗೊತ್ತಿಲ್ಲದವನು ನಾನೊಬ್ಬನೇ ಆಗಿದ್ದೆ.

ಬೆಳಿಗ್ಗೆ ಹೊರಟೆ. ಬಾಗಿಲ ಬಳಿ ತಿರುಗಿ ನೋಡಿದಾಗ ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದಳು.

ದಾರಿಯಲ್ಲಿ ಯಾರದಾದರೂ ಫೋನು ಹೊಡೆದುಕೊಂಡರೆ ಬಿರಬಿರನೆ ಮುಂದೆ ನಡೆದುಬಿಡುತ್ತಿದ್ದೆ. ಮೂರನೇ ದಿನ ಮಧ್ಯಾಹ್ನ, ಯಾವಾಗಲೂ ಮುಂದೆ ನಡೆಯುವ ಮೇಷ್ಟ್ರು ಹಿಂದೆ ಉಳಿದು ನನ್ನ ಜೊತೆ ಹೆಜ್ಜೆ ಹಾಕಿದರು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ತಾವೇ ಬಡಿಸಿದರು. ನಾನು ತಲೆಯೆತ್ತಲಿಲ್ಲ. ಅವರ ಮುಖ ನೋಡಿದರೆ ತಿಳಿದುಬಿಡುತ್ತದೆ ಎಂಬ ಹೆದರಿಕೆಯಿಂದ ಸಾರು ನೋಡಿಕೊಂಡು ಉಂಡೆ.

ಬೆಟ್ಟದಲ್ಲಿ ಮುಡಿಪು ಹಾಕಿದೆ. ಏನೂ ಕೇಳಬೇಡ ಅಂದಿದ್ದಳು, ಕೇಳಿದೆ. ಅವಳ ಉಸಿರೊಂದು ಇರಲಿ, ಅವಳು ಹಾಸಿಗೆ ಹಿಡಿದಿದ್ದರೂ ಚಿಂತೆಯಿಲ್ಲ ಎಂದು ಅಡ್ಡಬಿದ್ದು ಬೇಡಿದೆ.

ವಾಪಸ್ಸು ಬಂದಾಗ ಹೆಂಡತಿ ಬಿಂದಿಗೆಯಲ್ಲಿ ನೀರು ಹಿಡಿದು ಬೀದಿಯಲ್ಲೇ ನಿಂತಿದ್ದಳು. ನನ್ನ ತಲೆಯ ಮೇಲೆ ಸುರಿದಳು. ಹೊರಟ ಎರಡನೇ ದಿನ ಸಂಜೆಗೇ ತಂಗಿ ಹೋಗಿದ್ದಳು. ಕಿಕ್ಕೇರಿಗೆ ಒಯ್ದು ಅವರ ಹೊಲದಲ್ಲಿ ಮಣ್ಣು ಮಾಡಿದ್ದರು. ನಾನು ಬೆಟ್ಟದಲ್ಲಿ ಬೇಡಿಕೊಂಡದ್ದು ಮಣ್ಣು ಸೇರಿದವಳ ಉಸಿರನ್ನು.

ಆ ಎರಡನೇ ದಿನದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಬನ್ನೂರು ದಾಟಿ ಒಂದು ಶಾಲೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಒಂದು ಬೊಬ್ಬೆಯೂ ಎದ್ದಿರಲಿಲ್ಲ. ಮನೆಗೆ ಹೋದ ತಕ್ಷಣ ತಂಗಿಗೆ ತೋರಿಸಬೇಕು ಅಂದುಕೊಂಡಿದ್ದೆ.