ಪಕ್ಕೆಲುಬಿನ ಮೇಲಂಚು

ವೈದ್ಯೆಯಾಗಿ ನನ್ನ ಮೊದಲ ಕೆಲಸ ಬೇಲೂರು, ಹಳೇಬೀಡುಗಳ ನಡುವಿನ ಒಂದು ಸಣ್ಣ ಆಸ್ಪತ್ರೆಯಲ್ಲಿ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ನಮ್ಮ ಚಾವಣಿಯ ಮೇಲೆ ಮಾತ್ರ ಹೊಸದಾಗಿ ಉಪಗ್ರಹದ ದೊಡ್ಡ ಆಂಟೆನಾ ಕೂರಿಸಿದ್ದರು. ಡ್ರೆಸ್ಸಿಂಗ್ ಕೋಣೆಯಲ್ಲಿ ಒಂದು ಕ್ಯಾಮೆರಾ, ಒಂದು ಟಿವಿ. ಮೈಸೂರಿನ ಹಿರಿಯ ಸರ್ಜನ್ ಒಬ್ಬರು ವಾರಕ್ಕೆರಡು ಮಧ್ಯಾಹ್ನ ಅಲ್ಲೇ ಕೂತು ಅದರಲ್ಲಿ ನನ್ನ ಕೈಕೆಲಸ ನೋಡಿ ತಿದ್ದುತ್ತಿದ್ದರು. ಅಲ್ಲಿಯವರೆಗೆ ಕಲಿತದ್ದು ಹೊಲಿಗೆ ಹಾಕುವುದು, ಕುರು ಕೊಯ್ಯುವುದು, ಅಷ್ಟೇ.

ಅಂಥದೊಂದು ಮಧ್ಯಾಹ್ನ ಮಾದಿಹಳ್ಳಿ ಕಡೆಯಿಂದ ಟೆಂಪೋದಲ್ಲಿ ಒಬ್ಬನನ್ನು ಹೊತ್ತು ತಂದರು. ಬದುವಿನ ಜಗಳ. ದಾಯಾದಿ ಎದೆಯ ಬಲಕ್ಕೆ ಚೂರಿ ಹಾಕಿದ್ದ. ತುಟಿ ನೀಲಿಗಟ್ಟಿತ್ತು.

“ಡಾಕ್ಟ್ರಮ್ಮ, ಉಸ್ರೇ ಆಡ್ತಿಲ್ಲ, ಏನಾರ ಮಾಡ್ರಿ!” ಅವನ ಹೆಂಡತಿ ನನ್ನ ಕೋಟು ಹಿಡಿದು ಜಗ್ಗಿದಳು.

ಟಿವಿಯಲ್ಲಿದ್ದ ಸರ್ ಒಮ್ಮೆ ನೋಡಿ, “ಎದೆಯೊಳಗೆ ಗಾಳಿ, ರಕ್ತ ತುಂಬಿದೆ. ಹಾಸನ ಮುಟ್ಟಲ್ಲ. ನೀನೇ ಟ್ಯೂಬ್ ಹಾಕಿ ಹೊರಗೆ ಹರಿಸಬೇಕು” ಅಂದರು.

“ಸರ್, ಪುಸ್ತಕದಲ್ಲಿ ಮಾತ್ರ ನೋಡಿದೀನಿ.”

“ನಾನು ನೋಡ್ತಿರ್ತೀನಮ್ಮ. ಕೊಯ್ಯಿ. ಪಕ್ಕೆಲುಬಿನ ಮೇಲಂಚಿಗೇ. ಕೆಳಗಂಚಿನಲ್ಲಿ ರಕ್ತನಾಳ ಇದೆ.”

ಆಗಲೇ ಹೊರಗೆ ಗಾಜು ಒಡೆಯಿತು. ಚುಚ್ಚಿದವನ ಕಡೆಯವರು ದೊಣ್ಣೆ ಹಿಡಿದು ನುಗ್ಗಿದ್ದರು. “ಅವ್ನ್ನ ಈಚೆ ಹಾಕ್ರಲಾ! ಇವತ್ತು ಉಳ್ಸಕ್ಕಿಲ್ಲ!” ಹಿರಿಯ ನರ್ಸಮ್ಮ ಬಾಗಿಲಿಗೆ ಔಷಧಿ ಬೀರು ತಳ್ಳಿ, ಅದಕ್ಕೆ ಭುಜ ಕೊಟ್ಟು ನಿಂತರು. ಒಂದೊಂದು ಏಟಿಗೂ ಅವರ ಮೈ ಅದುರುತ್ತಿತ್ತು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದೆ. ಇಕ್ಕಳ ಒತ್ತಿದೆ, ಒಳಗೆ ಹೋಗಲಿಲ್ಲ. “ಹೆದರಬೇಡ, ಬಲ ಹಾಕು. ಇನ್ನೂ!” ಮೈಭಾರವೆಲ್ಲ ಹಾಕಿದೆ. ಅವನು ಚೀರಿ ಒದ್ದ. ಆ ಏಟಿಗೆ ಕ್ಯಾಮೆರಾ ಹೊರಳಿತು. ಒಳಪದರ ಟಪ್ಪೆಂದು ಹರಿಯಿತು. ಅದೇ ಹೊತ್ತಿಗೆ ಕಿಟಕಿಯಿಂದ ಬಂದ ಕಲ್ಲು ನನ್ನ ಹುಬ್ಬು ಸೀಳಿತು. ಸಂಪರ್ಕ ಕಡಿದು ಟಿವಿ ಕಪ್ಪಾಯಿತು.

ದಾರಿ ತಡಕಲು ತೂರಿಸಿದ್ದ ನನ್ನ ಬೆರಳು ಅವನ ಎದೆಯೊಳಗಿತ್ತು. ಮುಂದೇನೆಂದು ಹೇಳುವವರಿಲ್ಲ. ಬೆಚ್ಚಗಿನದೇನೋ ಬೆರಳಿಗೆ ತಾಗಿ ಸರಿಯಿತು. ಶ್ವಾಸಕೋಶ. ಟ್ಯೂಬ್ ತಳ್ಳಿದೆ. ಬುಸ್ಸೆಂದು ಗಾಳಿ, ಹಿಂದೆಯೇ ರಕ್ತ, ನನ್ನ ಮೊಣಕೈವರೆಗೆ. ತುದಿಯನ್ನು ನೀರಿನ ಬಾಟಲಿಗೆ ಸಿಕ್ಕಿಸಿದಾಗ ಗುಳ್ಳೆಗಳೆದ್ದವು. ಅವನ ಎದೆ ಏರಿತು.

ಚಿತ್ರ ಮರಳಿದಾಗ ಸರ್, “ನಿನ್ನ ಮುಖದ ಮೇಲೆ ಯಾರ ರಕ್ತ?” ಎಂದರು.

“ನಂದೇ ಸರ್.”

ಬಾಗಿಲ ಬಡಿತವನ್ನು ಅವರು ಜನರೇಟರ್ ಸದ್ದು ಅಂದುಕೊಂಡಿದ್ದರಂತೆ. ಪೊಲೀಸರು ಬಂದು ದೊಣ್ಣೆಯವರನ್ನು ಚದುರಿಸುವಷ್ಟರಲ್ಲಿ ನರ್ಸಮ್ಮನ ಭುಜದ ಕೀಲು ತಪ್ಪಿತ್ತು. ಸರ್ ಹೇಳುತ್ತ ಹೋದರು, ನಾನು ಎಳೆದು ಕೂರಿಸಿದೆ. ನರ್ಸಮ್ಮ ಕಿರುಚದೆ ತುಟಿ ಕಚ್ಚಿಕೊಂಡರು.

ಐದನೆಯ ದಿನ ಟ್ಯೂಬ್ ತೆಗೆಯಬೇಕಿತ್ತು. ನಾನು ಬಗ್ಗಿದಾಗ ಗಾಯಾಳು ಮೆಲ್ಲಗೆ, “ಇನ್ನೊಂದ್ ವಾರ ಬುಡಿ, ಅವ್ನ ಕರುಳ್ ಬಗೀತೀನಿ” ಅಂದ. ನನಗೆ ತಲೆಗೇರಿತು. ಹೇಳದೆ ಕೇಳದೆ ಟ್ಯೂಬ್ ಕಿತ್ತೆ. ಅವನು ಕೂಗಿಕೊಂಡ.

“ಉಸಿರು ಹಿಡಿಸದೆ ಎಳೆದೆಯಲ್ಲ! ಎದೆಯೊಳಗೆ ಮತ್ತೆ ಗಾಳಿ ಹೋದರೆ? ಹಾಗೆ ಮಾಡ್ತಾರೇನು?” ಟಿವಿಯಲ್ಲಿ ಸರ್ ಗದರಿದರು. ಅವನ ಮಾತು ಅವರಿಗೆ ಕೇಳಿಸಿರಲಿಲ್ಲ. ತಪ್ಪಾಯ್ತು ಸರ್ ಎಂದೆ.

ಅವನಿಗೆ ಏನೂ ಆಗಲಿಲ್ಲ. ಗಾಯ ಮಾಯಿತು, ಹೆಂಡತಿಯ ಜೊತೆ ಬಸ್ಸು ಹತ್ತಿದ. ಅವನ ಮಾತನ್ನು ಠಾಣೆಗೆ ಬರೆದುಕೊಟ್ಟೆ. ನಾನು ಅವನನ್ನು ಬೇಕೆಂದೇ ನೋಯಿಸಿದೆ ಎಂದು ಬರೆಯಲಿಲ್ಲ.