ಓಮಾನಿಗೆ ನಾನು ಮಾಡಿದ ಅನ್ಯಾಯ

ಕಳೆದ ಜೂನ್ ತಿಂಗಳ ಎರಡನೆಯ ಬುಧವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಬನಹಟ್ಟಿಯಲ್ಲಿ ಕರೆಂಟ್ ಹೋಗಿದ್ದ ಹೊತ್ತಿನಲ್ಲಿ, ನಾನು ಹಾರ್ಮುಜ್ ಜಲಸಂಧಿಯ ದಕ್ಷಿಣ ದಂಡೆಯನ್ನು ಓಮಾನ್ ದೇಶದಿಂದ ಕಿತ್ತು ಪಕ್ಕದ ದೇಶಕ್ಕೆ ಕೊಟ್ಟೆ. ಸ್ಥಳದಲ್ಲಿ ನನ್ನನ್ನೂ ಸೇರಿಸಿ ಐದು ಜನ ಇದ್ದರು. ಬಲಪ್ರಯೋಗ ನಡೆಯಲಿಲ್ಲ. ಬಲಗೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು ಎಡಗೈಯನ್ನು ಒಮ್ಮೆ ಬೀಸಿದೆ, ಅಷ್ಟೆ. ಗಡಿ ಬದಲಾಯಿತು.

ಮೂವತ್ತೊಂದು ವರ್ಷ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿ ತಿದ್ದಿದವನು ನಾನು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಮೊದಲ ಪ್ಯಾರಾದಲ್ಲಿ ಹೇಳಿಬಿಡದಿದ್ದರೆ ನನಗೆ ಸಮಾಧಾನವಿಲ್ಲ. ಏಕೆ ಎಂಬುದಕ್ಕೆ ಮಾತ್ರ ಸ್ವಲ್ಪ ಹಿಂದೆ ಹೋಗಬೇಕು.

ಶಂಕ್ರೆಪ್ಪ ನನ್ನ ಶಾಲೆಯ ಗೆಳೆಯ. ಅವನ ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಎಂಟು ವಿದ್ಯುತ್ ಮಗ್ಗಗಳಿವೆ. ಅವು ಓಡುತ್ತಿರುವಾಗ ಆ ಜಾಗದಲ್ಲಿ ಮಾತು ಎಂಬ ವಸ್ತು ಇರುವುದಿಲ್ಲ. ನೀರು ಬೇಕಾದರೆ ಹೆಬ್ಬೆರಳು, ಚಹಾ ಬೇಕಾದರೆ ತುಟಿ, ಮಗ್ಗ ನಿಲ್ಲಿಸಬೇಕಾದರೆ ಅಂಗೈ. ಕೈಸನ್ನೆಯಲ್ಲಿ ಬಹಳಷ್ಟು ಹೇಳಬಹುದು, ಆದರೆ ಅಂತರರಾಷ್ಟ್ರೀಯ ರಾಜಕೀಯವನ್ನು ಹೇಳಲಾಗುವುದಿಲ್ಲ. ಹಾಗಾಗಿ ನಮ್ಮೂರಿನಲ್ಲಿ ಅಭಿಪ್ರಾಯಗಳು ಹುಟ್ಟುವುದು ಕರೆಂಟ್ ಹೋದಾಗ. ಎಂಟೂ ಮಗ್ಗ ಒಮ್ಮೆಲೇ ನಿಂತು, ಕಿವಿಯಲ್ಲಿ ಇನ್ನೂ ಅವುಗಳ ಸದ್ದು ಗುಂಯ್ ಎನ್ನುತ್ತಿರುವಾಗಲೇ ಶಂಕ್ರೆಪ್ಪ ಶುರು ಮಾಡುತ್ತಾನೆ: "ಏನ್ಲೇ ಪೇಪರ್, ಆ ದೊಡ್ಡ ದೇಶದಾಂವ ಮತ್ತ ಸುಂಕ ಏರಿಸ್ಯಾನಂತಲ್ಲ?" ವಿದ್ಯುತ್ ಕಡಿತದ ವೇಳಾಪಟ್ಟಿಯೆಂದರೆ ನಮ್ಮ ಪಾಲಿಗೆ ವಿಶ್ವಸಂಸ್ಥೆಯ ಅಧಿವೇಶನದ ವೇಳಾಪಟ್ಟಿ.

'ಪೇಪರ್' ಎಂದರೆ ನಾನು. ಊರಿನಲ್ಲಿ ನನಗೆ ಬೇರೆ ಹೆಸರಿಲ್ಲ.

ಅವನ ಅಭಿಪ್ರಾಯಗಳೆಲ್ಲ ಮಗ್ಗದಿಂದ ಬಂದವು. ಎಲ್ಲೋ ಕದನವಿರಾಮ ಘೋಷಣೆಯಾಯಿತೆಂದು ನಾನು ಓದಿ ಹೇಳಿದರೆ, "ಅದು ಕಂಡಿಕಿ ಬದಲ ಮಾಡೂ ಹೊತ್ತಲೇ. ಮಗ್ಗ ನಿಂತೈತಿ ಅಂತ ನೇಯೂದ ಮುಗೀತು ಅನಕೋಬ್ಯಾಡ" ಎನ್ನುತ್ತಾನೆ. ಅಡ್ಡ ಎಳೆ ಹೊತ್ತು ಅತ್ತಿತ್ತ ಓಡುವ ಲಾಳಿಯೊಳಗಿನ ಕಂಡಿಕೆಯ ನೂಲು ತೀರಿದಾಗ ಹೊಸದನ್ನು ಹಾಕಲು ಮಗ್ಗ ಅರೆನಿಮಿಷ ನಿಲ್ಲುತ್ತದೆ; ಅದು ಅವನ ಲೆಕ್ಕದ ಶಾಂತಿ. ಮೂವತ್ತೊಂದು ವರ್ಷ ಜಗತ್ತಿನ ಕದನವಿರಾಮಗಳಿಗೆಲ್ಲ ಶೀರ್ಷಿಕೆ ಕೊಟ್ಟ ನನಗೆ ಇಷ್ಟು ಚೊಕ್ಕ ವಾಕ್ಯ ಒಮ್ಮೆಯೂ ಹೊಳೆದಿರಲಿಲ್ಲ. ನನಗೆ ಅಭಿಪ್ರಾಯಗಳೇ ಇಲ್ಲ. ಮೂಲ ಕೇಳುವ ಚಟವೊಂದಿದೆ. ಯಾರು ಏನು ಹೇಳಿದರೂ "ಯಾರ ಹೇಳ್ಯಾರ?" ಎನ್ನುತ್ತೇನೆ. ಈ ಪ್ರಶ್ನೆಗೆ ಡೆಸ್ಕಿನಲ್ಲಿ ಗೌರವವಿತ್ತು. ಮದುವೆಮನೆಗಳಲ್ಲಿ ಅಷ್ಟು ಇಲ್ಲ.

ಕರೆಂಟ್ ಬಂದಮೇಲೆ ಮಾತು ನಿಂತು ಆಟ ಶುರುವಾಗುತ್ತದೆ. ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಒಂದು ಕಾಲದಲ್ಲಿ ಸೀರೆಯ ಅಂಚಿನ ಚಿತ್ತಾರ ಬಿಡಿಸಲೆಂದು ತಂದದ್ದು. ಈಗ ಆ ಕೆಲಸ ಫೋನಿನಲ್ಲೇ ಆಗುವುದರಿಂದ ಅದಕ್ಕೂ ನನ್ನ ಹಾಗೆ ನಿವೃತ್ತಿ. ಅದರೊಳಗೆ ಎರಡು ಆಟಗಳು ಉಳಿದಿವೆ. ಒಂದು, ಇಬ್ಬರಾಡುವ ಟ್ಯಾಂಕಿನ ಆಟ. ಪರದೆಯ ಕೆಳಗೆ ಇಟ್ಟಿಗೆಗೋಡೆಯ ನಡುವೆ ನಮ್ಮ ಧ್ವಜ. ಮೇಲಿನಿಂದ ಶತ್ರುಗಳ ಟ್ಯಾಂಕುಗಳು ಬರುತ್ತವೆ. ನಾವಿಬ್ಬರೂ ಸೇರಿ ಧ್ವಜ ಕಾಯಬೇಕು. ಇರುವುದು ಒಂದೇ ಕೀಬೋರ್ಡ್. ಎಡಗಡೆಯ ಅಕ್ಷರಗಳು ನನ್ನವು, ಬಲಗಡೆಯ ಬಾಣಗಳು ಅವನವು. ಅರವತ್ತು ದಾಟಿದ ಇಬ್ಬರು ಭುಜಕ್ಕೆ ಭುಜ ತಾಗಿಸಿ, ಮೈಮೇಲೆ ಹತ್ತಿಯ ಧೂಳು ಬೀಳಿಸಿಕೊಳ್ಳುತ್ತ ಕೂರುತ್ತೇವೆ. ಆಟದ ಮಧ್ಯೆಯೇ ಯಾವುದೋ ಮಗ್ಗದ ಸದ್ದು ಕೊಂಚ ಬದಲಾದರೆ ಶಂಕ್ರೆಪ್ಪ ಎದ್ದು ಹೋಗಿ, ಹರಿದ ಎಳೆ ಕಟ್ಟಿ, ಮರಳಿ ಬಂದು ತನ್ನ ಟ್ಯಾಂಕು ಹತ್ತುತ್ತಾನೆ. ಅಲ್ಲಿಯವರೆಗೆ ಗಡಿ ನನ್ನೊಬ್ಬನದು.

ಈ ಆಟದಿಂದ ನಾನು ಕಂಡುಕೊಂಡ ಒಂದು ಸಂಗತಿಯಿದೆ. ನಮ್ಮ ಧ್ವಜದ ಗೋಡೆ ಹೆಚ್ಚಿನ ಸಲ ಒಡೆದದ್ದು ನಮ್ಮದೇ ಗುಂಡಿನಿಂದ. ಶತ್ರು ಇನ್ನೂ ದೂರವಿರುತ್ತಾನೆ. ನಾವು ಗಾಬರಿಯಲ್ಲಿ ತಿರುಗುವಾಗ ಬೆರಳು ಒತ್ತಿಬಿಟ್ಟಿರುತ್ತದೆ. ಹದಿನೇಳನೆಯ ಹಂತವನ್ನು ನಾವು ಇಂದಿಗೂ ದಾಟಿಲ್ಲ. ಅದಕ್ಕೆ ಕಾರಣ ಶತ್ರುವಲ್ಲ, ಕರೆಂಟ್. ಅದು ಹೋದರೆ ಮತ್ತೆ ಒಂದರಿಂದ.

ಎರಡನೆಯದು ಹಡಗಿನ ಆಟ. ಒಬ್ಬರೇ ಆಡುವುದು. ಒಂದು ಬಂದರಿನಲ್ಲಿ ಸರಕು ತುಂಬಿ ಇನ್ನೊಂದು ಬಂದರಿಗೆ ಮುಟ್ಟಿಸಬೇಕು. ನಾನಿಲ್ಲದಾಗ ಶಂಕ್ರೆಪ್ಪ ಇದನ್ನು ಆಡುತ್ತಾನೆ. ಓಮಾನಿಗೆ ಅನ್ಯಾಯವಾದದ್ದು ಇದರಿಂದಲೇ.

ಆ ಬುಧವಾರ ಅವನ ಮಗಳ ಅತ್ತೆ ಮಾವ ಮಹಾಲಿಂಗಪುರದಿಂದ ಬಂದಿದ್ದರು. ಬೀಗರಾದ ಗುರುಪಾದಪ್ಪನವರು ಬೆಲ್ಲದ ವ್ಯಾಪಾರಿ. ತೂಕದ ಮನುಷ್ಯ, ಮಾತೂ ತೂಗಿಯೇ ಆಡುವವರು. ಬೀಗರ ಎದುರು ಯಾರಾದರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಶಂಕ್ರೆಪ್ಪ ಇಸ್ತ್ರಿ ಅಂಗಿಯನ್ನೂ ಹಾಕಿಕೊಂಡಿದ್ದ. ಕರೆಂಟ್ ಹೋಯಿತು. ಅವನ ಹೆಂಡತಿ ಕಾಶವ್ವ ಚಹಾ ತಂದರು. ಬೀಗರು ಕೇಳಿದರು:

"ಅಲ್ರಿ ಬೀಗ್ರ, ಎಲ್ಲೋ ಸಮುದ್ರದಾಗ ಹಡಗ ನಿಂತ್ರ ನಿಮ್ಮ ನೂಲಿನ ಭಾವ ಯಾಕ ಏರತೈತ್ರಿ?"

ಶಂಕ್ರೆಪ್ಪ ಎರಡು ಲಾಳಿ ತಂದು ಚಾಪೆಯ ಮೇಲೆ ಎದುರುಬದುರು ಇಟ್ಟ. "ಇದು ಇರಾನ್ ತಿಳ್ಕೋರಿ. ಇದು ಓಮಾನ್. ನಡುವ ಇಷ್ಟ ಸಂದಿ. ಎಣ್ಣಿ ಹಡಗೆಲ್ಲ ಇದ್ರಾಗ ಹಾದ ಬರಬೇಕು. ಪಾಲಿಸ್ಟರ್ ನೂಲು ಸೈತ ಎಣ್ಣಿಲೇನ ಆಗೂದ್ರಿ." ನಾನು ಕಂಡ ಅತ್ಯುತ್ತಮ ಭೂಗೋಳದ ಪಾಠ ಅದು. ಬೀಗರು ಬಗ್ಗಿ ನೋಡುತ್ತಿದ್ದರು. ಅಲ್ಲಿಗೆ ನಾನು ಸುಮ್ಮನಿದ್ದರೆ ಈ ಬರಹ ಇರುತ್ತಿರಲಿಲ್ಲ.

"ಲೇ, ಈ ಕಡೆ ಓಮಾನ್ ಅಲ್ಲ. ದುಬೈ ಇರೂ ದೇಶ. ಓಮಾನ್ ಭಾಳ ಕೆಳಗೈತಿ" ಎಂದು ಕೈ ಬೀಸಿದೆ.

"ಓಮಾನ ಅದು. ನಾ ಎಷ್ಟ ಸಲ ಹಡಗ ತಗೊಂಡ ಅಲ್ಲಿ ಹಾದೀನಿ."

ಬೀಗರು ತಲೆಯೆತ್ತಿದರು. "ನೀವು ಹಡಗದಾಗ ಯಾವಾಗ ಹೋಗಿದ್ರಿ?"

"ಆ ಕಂಪ್ಯೂಟರ್ ಆಟದಾಗ್ರಿ" ಎಂದೆ ನಾನು. "ನಮ್ಮ ಶಂಕ್ರೆಪ್ಪನ ಮೂಲ ಅದ. ನಾಳೆ ಪೇಪರಿನ್ಯಾಗ ಬರ್ಯೂನು, 'ವಿಡಿಯೋ ಗೇಮ್ ಮೂಲಗಳು ತಿಳಿಸಿವೆ' ಅಂತ."

ಬೀಗರು ನಕ್ಕರು. ಬೀಗತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಶಂಕ್ರೆಪ್ಪನೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಆಮೇಲೆ ಓಮಾನನ್ನು ಚಾಪೆಯಿಂದ ಎತ್ತಿ ಗೋಡೆಯ ಗೂಡಿನಲ್ಲಿ ಇಟ್ಟ.

ಮರುದಿನ ಹೋದೆ. ನಾನು ಕೂರುವ ಸ್ಟೂಲಿನ ಮೇಲೆ ಕಂಡಿಕೆಯ ಬುಟ್ಟಿ ಇತ್ತು. "ಕೆಲಸ ಭಾಳ ಐತಿ" ಎಂದ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಈ ಮಾತು ಹೇಳಿದನೆಂಬುದನ್ನು ದಾಖಲಿಸಬೇಕು. ಮೂರು ವಾರ ಬುಟ್ಟಿ ಅಲ್ಲಿಂದ ಕದಲಲಿಲ್ಲ. ನಾಲ್ಕನೆಯ ವಾರ ನಾನು ಹೋಗಲಿಲ್ಲ. ಜಗತ್ತಿನಲ್ಲಿ ಬೇಕಾದಷ್ಟು ನಡೆಯುತ್ತಿತ್ತು, ಒಬ್ಬನೇ ಓದಿಕೊಂಡೆ. ಯಾರೂ ಅದನ್ನು ಮಗ್ಗಕ್ಕೆ ಹೋಲಿಸದ ಕಾರಣ ಒಂದೂ ಸರಿಯಾಗಿ ಅರ್ಥವಾಗಲಿಲ್ಲ.

ರಬಕವಿಯ ತರಕಾರಿ ಸಂತೆಯಲ್ಲಿ ಕಾಶವ್ವ ಸಿಕ್ಕರು. ಬದನೆಕಾಯಿ ಆರಿಸುತ್ತಲೇ ಹೇಳಿದರು: "ಪೇಪರ್ ಅಣ್ಣಾರ, ನೀವಿಬ್ರೂ ಯಾವ ದೇಶದ ಸಂಬಂಧ ಜಗಳಾಡೀರೋ, ಆ ದೇಶದವ್ರಿಗೆ ನೀವಿದ್ದದ್ದ ಗೊತ್ತಿಲ್ಲ."

"ನಾ ಎಲ್ಲಿ ಜಗಳಾಡೀನ್ರೀ?"

"ಬೀಗ್ರು ಫೋನ್ ಹಚ್ಚಿದಾಗೊಮ್ಮೆ 'ಏನ್ರಿ ಕ್ಯಾಪ್ಟನ್ನರ, ಹಡಗ ಎಲ್ಲಿಗೆ ಬಂತು' ಅಂತಾರ. ಅವ್ರದು ಚ್ಯಾಷ್ಟಿ. ಇವ್ರು ಮಾತ್ರ ಮಗಳ ಮನಿಗೆ ಹೋಗೂದ ಬಿಟ್ಟಾರ. ಹೋದ ಐತವಾರ ನಾ ಒಬ್ಬಾಕೀನ ಹೋಗಿ ಬಂದೆ." ಒಂದು ಬದನೆಕಾಯಿ ತಿರುಗಿಸಿ ನೋಡಿ ಕೆಳಗಿಟ್ಟರು. "ಮೊನ್ನೆ ನೋಡ್ತೀನಿ, ಎರಡೂ ಕೈಲೆ ಎರಡೂ ಟ್ಯಾಂಕ್ ನಡಸಾಕತ್ತಾರ. ಮೂರನೇ ಹಂತಕ್ಕ ಸತ್ರು."

ಮನೆಗೆ ಬಂದು ಹಳೆಯ ಅಟ್ಲಾಸ್ ತೆಗೆದೆ. ಮೂವತ್ತೊಂದು ವರ್ಷ ಊರ ಹೆಸರೊಂದು ಬಂದರೂ ನಕಾಶೆ ನೋಡದೆ ಪುಟ ಬಿಟ್ಟವನಲ್ಲ. ಗೆಳೆಯನನ್ನು ತಿದ್ದುವಾಗ ಮಾತ್ರ ನೋಡಿರಲಿಲ್ಲ. ದಕ್ಷಿಣದ ಭೂಮಿ ಚೂಪಾಗಿ ಸಮುದ್ರಕ್ಕೆ ಚಾಚಿಕೊಂಡ ಕಡೆ, ತುತ್ತತುದಿಯಲ್ಲಿ, ಜೋಳದ ಕಾಳಿನಷ್ಟು ಹಸಿರು ಇತ್ತು. ಅದರ ಕೆಳಗೆ ದುಬೈಯವರ ಹಳದಿ. ಹಳದಿಯ ಕೆಳಗೆ ಮತ್ತೆ ಅದೇ ಹಸಿರು. ಓಮಾನ್ ದೇಶದ ಒಂದು ಚೂರು ತಾಯಿದೇಶದಿಂದ ಬೇರೆಯಾಗಿ, ನಡುವೆ ಇನ್ನೊಬ್ಬರ ಸೀಮೆ ಬಿಟ್ಟು, ಜಲಸಂಧಿಯ ಬಾಗಿಲಲ್ಲೇ ಕೂತಿದೆ.

ಇದು ಬೇರೆ ಯಾರಿಗಾದರೂ ಹೊಳೆಯದಿದ್ದರೆ ಕ್ಷಮಿಸಬಹುದಿತ್ತು. ನಾನು ಹುಟ್ಟಿದ ಸೀಮೆಯೇ ಅಂಥದ್ದು. ನನ್ನ ಅಜ್ಜ ಹೇಳುತ್ತಿದ್ದ ಪ್ರಕಾರ, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಕೂಗಿದರೆ ಕೇಳುವ ರಬಕವಿ ಸಾಂಗಲಿಯವರದು, ಮಹಾಲಿಂಗಪುರ ಮುಧೋಳದ ದೊರೆಯದು, ಬೀಳಗಿಗೆ ಹೋದರೆ ಬ್ರಿಟಿಷರು. ಒಬ್ಬ ರಾಜನ ಊರುಗಳ ನಡುವೆ ಇನ್ನೊಬ್ಬ ರಾಜನ ಊರು. ಅಜ್ಜ ತಲೆಯ ಮೇಲೆ ಸೀರೆಯ ಗಂಟು ಹೊತ್ತು ಬೆಳಗಿನಿಂದ ಸಂಜೆಯೊಳಗೆ ಮೂರು ರಾಜ್ಯ ದಾಟಿ ಬರುತ್ತಿದ್ದನಂತೆ. ಅಂಥವನ ಮೊಮ್ಮಗ ಓಮಾನಿನ ಜೋಳದ ಕಾಳನ್ನು ನಂಬಲಿಲ್ಲ.

ತಪ್ಪು ತಿಳಿದಮೇಲೆ ಮಾಡಬೇಕಾದದ್ದು ನನಗೆ ಗೊತ್ತಿತ್ತು. ನಮ್ಮ ಡೆಸ್ಕಿನಲ್ಲಿ ಒಂದು ಪದ್ಧತಿಯಿತ್ತು: ತಪ್ಪು ಯಾವ ಪುಟದಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು. ಮುಖಪುಟದಲ್ಲಿ ಒಬ್ಬನ ಮಾನ ತೆಗೆದು, ಒಳಗೆ ಪಂಚಾಂಗದ ಕೆಳಗೆ ವಿಷಾದಿಸುವ ಹಾಗಿಲ್ಲ. ಶಂಕ್ರೆಪ್ಪನ ಹತ್ತಿರ ಗುಟ್ಟಾಗಿ ತಪ್ಪಾಯಿತು ಎನ್ನುವುದು ಒಳಪುಟ. ನನ್ನ ತಪ್ಪು ಅಚ್ಚಾದದ್ದು ಬೀಗರ ಎದುರಿಗೆ. ಅಟ್ಲಾಸನ್ನು ಚೀಲದಲ್ಲಿಟ್ಟುಕೊಂಡು ಮಹಾಲಿಂಗಪುರದ ಬಸ್ಸು ಹತ್ತಿದೆ.

ಗುರುಪಾದಪ್ಪನವರು ಅಂಗಡಿಯಲ್ಲಿ ಬೆಲ್ಲದ ಪೆಂಟಿಗಳ ನಡುವೆ ಕೂತಿದ್ದರು. ನಾಲ್ಕು ಗಿರಾಕಿಗಳಿದ್ದರು. ಅವರು ಹೋಗಲೆಂದು ಕಾಯುವ ಆಸೆಯಾಯಿತು, ಕಾಯಲಿಲ್ಲ. ಬರೆದು ತಂದಿದ್ದ ಚೀಟಿ ತೆಗೆದು ಓದಿದೆ: "ತಿದ್ದುಪಡಿ. ಹಾರ್ಮುಜ್ ಜಲಸಂಧಿಯ ದಕ್ಷಿಣ ದಂಡೆ ಓಮಾನಿನದಲ್ಲ ಎಂದು ಹೇಳಿದ್ದು ತಪ್ಪು. ಶ್ರೀ ಶಂಕ್ರೆಪ್ಪನವರು ಹೇಳಿದ್ದು ಸರಿ. ಪ್ರಮಾದಕ್ಕೆ ವಿಷಾದಿಸುತ್ತೇವೆ."

"ವಿಷಾದಿಸುತ್ತೇವೆ ಅಂತೀರಿ" ಎಂದರು ಬೀಗರು. "ನೀವೊಬ್ರ ಬಂದೀರಲ್ರಿ?"

ವಿಷಾದಿಸುವಾಗ ಪತ್ರಿಕೆಗಳು ಯಾವಾಗಲೂ ಗುಂಪಿನಲ್ಲಿ ನಿಲ್ಲುತ್ತವೆ ಎಂಬುದು ನನಗೆ ಅವತ್ತು ಹೊಳೆಯಿತು. "ವಿಷಾದಿಸುತ್ತೇನ್ರಿ" ಎಂದು ತಿದ್ದಿಕೊಂಡೆ. ಅವರು ಅಟ್ಲಾಸನ್ನು ತಕ್ಕಡಿಯ ಪಕ್ಕ ಬಿಡಿಸಿಟ್ಟು ತೋರುಬೆರಳಿನಿಂದ ಹುಡುಕಿದರು.

"ಅಂದ್ರ ನಮ್ಮ ಬೀಗ್ರು ಖರೇ ಹೇಳಿದ್ರು?"

"ಖರೇ ಹೇಳಿದ್ರು."

"ಆಟ ಆಡಿ ಕಲ್ತದ್ದು?"

"ಹೌದ್ರಿ."

ಅವರು ನಕಾಶೆಯ ಮೇಲಿನ ಬೆರಳು ತೆಗೆದರು. "ನಾನೂ ಅವ್ರನ್ನ ಭಾಳ ದಿನ ಆಡ್ಕೊಂಡೆ ಬಿಡ್ರಿ. ಅವ್ರು ನಕ್ಕೋತ ಮಾತಾಡ್ತಿದ್ರು, ನಾ ಛಲೋ ಆತು ಅನಕೊಂಡೆ." ಗಿರಾಕಿಗಳತ್ತ ತಿರುಗಿ, "ಪೇಪರಿನವ್ರು ತಪ್ಪಾತು ಅನ್ನಾಕ ಬಸ್ ಹಿಡದ ಬಂದದ್ದು ಇದ ಮೊದಲ ನೋಡ್ರಿ" ಎಂದು ಫೋನು ಹಚ್ಚಿದರು. "ಬೀಗ್ರ, ಓಮಾನ್ ನಿಮ್ದ ಆತು. ಐತವಾರ ಊಟಕ್ಕ ಬರ್ರಿ. ಆ ಹಡಗಿಂದು ಅರ್ಧಕ್ಕ ನಿಂತೈತಿ, ಪೂರಾ ಹೇಳೀರಂತ." ಆ ಕಡೆಯಿಂದ ಏನು ಉತ್ತರ ಬಂತೆಂದು ನನಗೆ ಕೇಳಿಸಲಿಲ್ಲ. ಅಟ್ಲಾಸು ಮರಳಿ ಕೈಗೆ ಬಂದಾಗ ಓಮಾನಿನ ಮೇಲೆ ಬೆಲ್ಲದ ಬೆರಳಚ್ಚು ಇತ್ತು.

ಅಲ್ಲಿಂದ ನೇರ ಶೆಡ್ಡಿಗೆ ಹೋದೆ. ಕರೆಂಟ್ ಇತ್ತು. ಎಂಟೂ ಮಗ್ಗಗಳು ಓಡುತ್ತಿದ್ದವು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೊಂದನ್ನೂ ಹೇಳುವಂತಿರಲಿಲ್ಲ. ವಿಷಾದಕ್ಕೆ ನೇಕಾರರ ಕೈಸನ್ನೆಯಲ್ಲಿ ಗುರುತಿಲ್ಲ. ಚೀಟಿ ಕೊಟ್ಟೆ. ಶಂಕ್ರೆಪ್ಪ ತುಟಿ ಅಲ್ಲಾಡಿಸುತ್ತ ಓದಿದ. 'ಶ್ರೀ' ಎಂಬಲ್ಲಿ ಒಮ್ಮೆ ನನ್ನ ಮುಖ ನೋಡಿದ. ಮಡಚಿ ಗೂಡಿನಲ್ಲಿ, ಲಾಳಿಯ ಕೆಳಗೆ ಇಟ್ಟ. ಆಮೇಲೆ ಸ್ಟೂಲಿನ ಮೇಲಿನ ಬುಟ್ಟಿ ಎತ್ತಿ ನೆಲಕ್ಕಿಟ್ಟ.

ಒಂಬತ್ತನೆಯ ಹಂತದಲ್ಲಿದ್ದಾಗ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಪರದೆ ಕಪ್ಪಾಯಿತು.

"ಈ ಕಡೆ ದಂಡಿ ಯಾರದು ಅಂದಿ?" ಎಂದ ಶಂಕ್ರೆಪ್ಪ.

"ಓಮಾನ್‌ದು."

"ಯಾರ ಹೇಳ್ಯಾರ?"

ಒಳಗೆ ಕಂಡಿಕೆ ಸುತ್ತುತ್ತಿದ್ದ ಕಾಶವ್ವ ನಕ್ಕದ್ದು ಕೇಳಿಸಿತು.

"ವಿಡಿಯೋ ಗೇಮ್ ಮೂಲಗಳು ತಿಳಿಸಿವೆ" ಎಂದೆ.

"ಹಂಗಾರ ಬರಕೋ."

ಕರೆಂಟ್ ನಾಲ್ಕೂ ಇಪ್ಪತ್ತಕ್ಕೆ ಬಂತು. ಆಟ ಒಂದನೆಯ ಹಂತದಿಂದ ಶುರುವಾಯಿತು. ಶಂಕ್ರೆಪ್ಪ ಭಾನುವಾರ ಬೆಳಗ್ಗೆ ಒಂಬತ್ತರ ಬಸ್ಸಿಗೆ ಮಹಾಲಿಂಗಪುರಕ್ಕೆ ಹೋದ. ಕೈಚೀಲದಲ್ಲಿ ಎರಡು ಲಾಳಿಗಳನ್ನು ಒಯ್ದಿದ್ದಾನೆಂದು ಕಾಶವ್ವ ತಿಳಿಸಿದ್ದಾರೆ.